ಒಡೆದ ಹಿತ್ತಾಳೆ ಬಳೆ: ಒಂದು ಹಾಫ್ ಪ್ಲೇಟ್ ಕ್ಯಾಮೆರಾದ ಪ್ರಕರಣ

ಕಳೆದ ಮಳೆಗಾಲದಲ್ಲಿ ತಿಪಟೂರಿನ ಒಬ್ಬ ನಿವೃತ್ತ ಮೇಷ್ಟ್ರು ತುಮಕೂರಿನ ನಮ್ಮ ಮನೆಗೆ ಬಂದರು. ಕೈಯಲ್ಲಿ ಹಳೇ ಪಂಚೆಯಲ್ಲಿ ಕಟ್ಟಿದ ಗಂಟು. ಬಿಚ್ಚಿದರೆ ತೇಗದ ಮರದ ಹಾಫ್ ಪ್ಲೇಟ್ ಕ್ಯಾಮೆರಾ. 4¾ ಇಂಚು ಅಗಲ, 6½ ಇಂಚು ಉದ್ದದ ಗಾಜಿನ ಪ್ಲೇಟ್ ಹಾಕಿ ಫೋಟೋ ತೆಗೆಯುತ್ತಿದ್ದ ಕಾಲದ್ದು. ಅವರ ತಾಯಿಯ ತಂದೆ ಅದರಲ್ಲೇ ಮದುವೆ ಮನೆ, ಶಾಲೆಯ ಗ್ರೂಪ್ ಫೋಟೋ ಎಲ್ಲ ತೆಗೆದು ಸಂಸಾರ ಸಾಗಿಸಿದ್ದರಂತೆ.

"ಇದರಲ್ಲಿ ಒಂದು ಫೋಟೋ ಬರುತ್ತಾ ನೋಡಿ ಸಾರ್. ಒಂದೇ ಸಾಕು" ಅಂದರು. "ಅಮ್ಮನಿಗೆ ಎಂಬತ್ತೆಂಟು. ಅವರಪ್ಪನ ಕ್ಯಾಮೆರಾದಲ್ಲೇ ಅವರದೊಂದು ಫೋಟೋ ತೆಗೀಬೇಕು ಅಂತ ನನಗಾಸೆ."

ತಿದಿಯ ಹಾಗೆ ಮಡಚಿ ಬಿಚ್ಚುವ ಬೆಲ್ಲೋಸಿನ ಚರ್ಮ ಇನ್ನೂ ಮೆತ್ತಗಿತ್ತು. ಚಿತ್ರ ಮೂಡುವುದನ್ನು ನೋಡುವ ಹಿಂದಿನ ಮಂಜುಗಾಜು ಒಡೆದಿರಲಿಲ್ಲ. ಲೆನ್ಸ್ ಗಾಜಿನ ಮೇಲೆ ಧೂಳು, ಅಂಚಿನಲ್ಲಿ ಒಂದಿಷ್ಟು ಬೂಷ್ಟು, ಅಷ್ಟೇ. ತೊಂದರೆ ಇದ್ದದ್ದು ಲೆನ್ಸಿಗೂ ಮರಕ್ಕೂ ನಡುವೆ.

ಈ ದೊಡ್ಡ ಕ್ಯಾಮೆರಾಗಳಲ್ಲಿ ಲೆನ್ಸ್ ನೇರವಾಗಿ ಮರಕ್ಕೆ ಕೂರುವುದಿಲ್ಲ. ಲೆನ್ಸ್ ಬೋರ್ಡ್ ಅಂತ ಒಂದು ಚೌಕದ ಹಲಗೆ ಇರುತ್ತದೆ. ಆ ಹಲಗೆಗೆ ತಿರುಪು ಹಾಕಿ ಒಂದು ಹಿತ್ತಾಳೆ ಬಳೆ ಕೂರಿಸಿರುತ್ತಾರೆ. ಅದೇ ಫ್ಲ್ಯಾಂಜ್. ಬಳೆಯ ಒಳಗೆ ಥ್ರೆಡ್, ಅಂದರೆ ತಿರುಪಿನಲ್ಲಿರುವಂಥ ಸುರುಳಿ ಗೆರೆ. ಲೆನ್ಸಿನ ಕೊಳವೆಯ ಹೊರಗೂ ಥ್ರೆಡ್. ತಿರುಗಿಸಿದರೆ ಲೆನ್ಸ್ ಬಂದು ಕೂರುತ್ತದೆ. ನೋಡೋಕೆ ಸಣ್ಣ ಸಾಮಾನು. ಆದರೆ ಅದಿಲ್ಲದಿದ್ದರೆ ಎಂಥ ಒಳ್ಳೇ ಲೆನ್ಸ್ ಕೂಡ ಮೇಜಿನ ಮೇಲಿಡುವ ಹಿತ್ತಾಳೆ ಸಾಮಾನೇ. ಹಳೇ ಲೆನ್ಸ್ ಮಾರುವವರ ಹತ್ತಿರ ಬಳೆ ಇಲ್ಲದವೇ ಜಾಸ್ತಿ ಸಿಗುತ್ತವೆ. ಲೆನ್ಸ್ ತಿರುಗಿಸಿ ಬಿಚ್ಚಿಕೊಂಡವರು ಬಳೆಯನ್ನು ಬೋರ್ಡಿನಲ್ಲೇ ಬಿಟ್ಟಿರುತ್ತಾರೆ.

ಮೇಷ್ಟ್ರ ಕ್ಯಾಮೆರಾದಲ್ಲಿ ಬಳೆಯ ಜಾಗದಲ್ಲಿ ಬೂದು ಬಣ್ಣದ ಎಪಾಕ್ಸಿ ಅಂಟು ಇತ್ತು. ನೀರಿನ ಪೈಪು ಸೋರಿದರೆ ಮೆತ್ತುತ್ತಾರಲ್ಲ, ಆ ಥರದ್ದು. ಲೆನ್ಸನ್ನು ಬೋರ್ಡಿನ ತೂತಿಗೆ ತೂರಿಸಿ, ಸುತ್ತ ಅಂಟು ಹಾಕಿದ್ದರು. ಲೆನ್ಸ್ ಸ್ವಲ್ಪ ಕೆಳಕ್ಕೆ ಬಾಗಿತ್ತು. ಗಂಟಿನೊಳಗೆ ಒಂದು ತಗಡಿನ ಡಬ್ಬಿಯೂ ಇತ್ತು. ಅದರಲ್ಲಿ ಒಡೆದ ಬಳೆಯ ಮೂರು ತುಂಡು. ನಾಲ್ಕನೆಯದು ಇಲ್ಲ.

ಬಿರುಕು ಎಲ್ಲಿಂದ ಬಂತು

ಕೆಲಸ ಶುರು ಮಾಡುವ ಮೊದಲು ನನಗೆ ಒಂದು ವಿಷಯ ತಿಳಿಯಬೇಕಿತ್ತು. ಹಿತ್ತಾಳೆ ಬಳೆ ಒಡೆದದ್ದು ಹೇಗೆ? ಬಿದ್ದು ಪೆಟ್ಟಾದರೆ ಹಿತ್ತಾಳೆ ಮೊದಲು ನೆಗ್ಗುತ್ತದೆ, ಬಾಗುತ್ತದೆ. ಈ ತುಂಡುಗಳು ಒಂದಿಷ್ಟೂ ಬಾಗಿರಲಿಲ್ಲ. ಬಿಸ್ಕತ್ತು ಮುರಿದ ಹಾಗೆ ಮುರಿದಿದ್ದವು. ಭೂತಗನ್ನಡಿ ಹಿಡಿದು ನೋಡಿದೆ. ಮುರಿದ ಪ್ರತಿ ಗೆರೆಯೂ ತಿರುಪಿನ ತೂತಿನಿಂದಲೇ ಹೊರಟಿತ್ತು. ಉಳಿದ ತುಂಡುಗಳಲ್ಲೂ ತೂತಿನ ಸುತ್ತ ಕೂದಲೆಳೆಯಂಥ ಬಿರುಕು, ಬೇರಿನ ಹಾಗೆ ಕವಲೊಡೆದಿತ್ತು. ಅಡ್ಡ ಬೆಳಕು ತಡೆಯಲು ಲೆನ್ಸಿನ ಮುಂದೆ ಇರುವ ಹುಡ್ ಅಂಚಿನಲ್ಲೂ ಅಂಥವೇ ಎರಡು ಎಳೆ.

ಫೋನ್ ಮಾಡಿ ಮೇಷ್ಟ್ರ ತಾಯಿಯನ್ನೇ ಕೇಳಿದೆ. "ಅಜ್ಜಿ, ಕ್ಯಾಮೆರಾ ಎಲ್ಲಿ ಇಟ್ಟಿದ್ರಿ ಇಷ್ಟು ವರ್ಷ?"

"ಅಟ್ಟದಲ್ಲಿ ಕಣಪ್ಪ. ಕೊಬ್ಬರಿ ಅಟ್ಟ ಇತ್ತಲ್ಲ, ಕೊಟ್ಟಿಗೆ ಮೇಲೆ."

ತಿಪಟೂರು ಸೀಮೆಯಲ್ಲಿ ಅಟ್ಟ ಅಂದರೆ ತೆಂಗಿನಕಾಯಿಯ ಜಾಗ. ಕಾಯಿಯನ್ನು ತಿಂಗಳುಗಟ್ಟಲೆ ಅಲ್ಲಿ ಬಿಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಕೆಳಗೆ ದನ ಕಟ್ಟಿದ್ದರೆ ಗಂಜಲದ ಗಾಳಿ ಮೇಲಕ್ಕೇ ಬರುತ್ತದೆ. ಗಂಜಲದಿಂದ ಏಳುವುದು ಅಮೋನಿಯಾ. ಹಿತ್ತಾಳೆಗೆ ಅಮೋನಿಯಾದಂಥ ಶತ್ರು ಇನ್ನೊಂದಿಲ್ಲ. ಎಲ್ಲಿ ಲೋಹ ಬಿಗಿತದಲ್ಲಿ ಇರುತ್ತದೋ ಅಲ್ಲೇ ಅದು ಒಳಗೆ ಇಳಿದು ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಸೇನೆಗೂ ಇದೇ ತೊಂದರೆ ಬಂದಿತ್ತು. ಮಳೆಗಾಲದಲ್ಲಿ ಕುದುರೆ ಲಾಯದ ಹತ್ತಿರ ಇಟ್ಟ ಹಿತ್ತಾಳೆ ತೋಟಾಗಳು ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಕುದುರೆಯ ಮೂತ್ರದ ಅಮೋನಿಯಾವೇ ಕಾರಣ ಅಂತ ಗೊತ್ತಾಗಿದ್ದು 1921ರಲ್ಲಿ.

ನಮ್ಮ ಬಳೆಗೂ ಆದದ್ದು ಇದೇ ಅಂತ ನನ್ನ ನಂಬಿಕೆ. ತಿರುಪಿನ ತಲೆ ಕೆಳಗೆ ಸಣ್ಣ, ಮೇಲೆ ದಪ್ಪ. ಬಿಗಿಯಾಗಿ ತಿರುಗಿಸಿದರೆ ಅದು ಬೆಣೆಯ ಹಾಗೆ ತೂತನ್ನು ಹಿಗ್ಗಿಸುತ್ತದೆ. ಮಳೆಗಾಲಕ್ಕೆ ಹಲಗೆ ಉಬ್ಬಿದರೆ ಇನ್ನೂ ಜಾಸ್ತಿ. ಹುಡ್ ಅನ್ನು ತಗಡು ಬಗ್ಗಿಸಿ ಮಾಡಿದ್ದರಿಂದ ಅದರಲ್ಲೂ ಬಿಗಿತ ಉಳಿದಿರುತ್ತದೆ. ಎರಡೂ ಕಡೆ ಬಿರುಕು ಬಂದದ್ದು ಅದಕ್ಕೇ. ಇದು ತಿಳಿದ ಮೇಲೆ ಹಳೇ ತುಂಡುಗಳನ್ನು ಬೆಸೆಯುವ ಯೋಚನೆ ಬಿಟ್ಟೆ. ಒಂದು ತುಂಡು ಹೇಗೂ ಇಲ್ಲ. ಇರುವುದರಲ್ಲೂ ಕಾಣದ ಬಿರುಕು ಎಷ್ಟಿವೆಯೋ. ಹೊಸ ಬಳೆಯೇ ಆಗಬೇಕಿತ್ತು.

ಅಂಟು ಬಿಡಿಸಿದ್ದು

ಇದಕ್ಕೆ ನಾಲ್ಕು ಸಂಜೆ ಹಿಡಿಯಿತು. ಎಪಾಕ್ಸಿ ಕಾಯಿಸಿದರೆ ಮೆತ್ತಗಾಗುತ್ತದೆ. ಆದರೆ ಈ ಲೆನ್ಸ್ ರ‍್ಯಾಪಿಡ್ ರೆಕ್ಟಿಲಿನಿಯರ್ ಜಾತಿಯದು. 1866ರಲ್ಲಿ ಲಂಡನ್ನಿನಲ್ಲಿ ಡಾಲ್‌ಮೇಯರ್, ಜರ್ಮನಿಯಲ್ಲಿ ಸ್ಟೈನ್‌ಹೈಲ್ ಬೇರೆ ಬೇರೆಯಾಗಿ ಹೊರತಂದ ಮಾದರಿ ಇದು. ಮುಂದೆ ಒಂದು ಜೋಡಿ ಗಾಜು, ಹಿಂದೆ ಒಂದು ಜೋಡಿ. ಪ್ರತಿ ಜೋಡಿಯನ್ನೂ ಕೆನಡಾ ಬಾಲ್ಸಮ್ ಅನ್ನುವ ಮರದ ಅಂಟಿನಿಂದ ಸೇರಿಸಿರುತ್ತಾರೆ. ಬಿಸಿ ತಾಗಿದರೆ ಆ ಅಂಟೂ ಕರಗುತ್ತದೆ. ಆದ್ದರಿಂದ ಮೊದಲು ಗಾಜು ಹೊರಗೆ ಬರಬೇಕು.

ಮುಂದಿನ ಗಾಜಿನ ಕಟ್ಟು ಸುಲಭವಾಗಿ ಬಿಚ್ಚಿತು. ಹಿಂದಿನದು ಕಿಲುಬು ಹಿಡಿದು ಕಚ್ಚಿಕೊಂಡಿತ್ತು. ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯೆಲ್ಲ ಹಾಗೇ ಇಟ್ಟೆ. ಬೆಳಿಗ್ಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಅಂಗೈಯಲ್ಲಿ ಹಿಡಿದು ತಿರುಗಿಸಿದೆ. ಇಕ್ಕಳ ಹಾಕಿದ್ದರೆ ತೆಳು ಕೊಳವೆ ಮೊಟ್ಟೆಯ ಆಕಾರಕ್ಕೆ ಬರುತ್ತಿತ್ತು. ಹಾಗೆ ಆದರೆ ಮತ್ತೆ ಗುಂಡಗೆ ಮಾಡೋದು ಬಹಳ ಕಷ್ಟ.

ಗಾಜು ತೆಗೆದ ಮೇಲೆ ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಮುಟ್ಟಿದರೆ ತಾಳುವಷ್ಟೇ ಬಿಸಿ ಮಾಡಿದೆ. ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಒಳಗಿನ ಐರಿಸ್ ಎಲೆಗಳಿಗೆ ಅದಕ್ಕಿಂತ ಜಾಸ್ತಿ ಬೇಡ ಅನಿಸಿತು. ಮೆತ್ತಗಾದ ಅಂಟನ್ನು ಬಿದಿರು ಕಡ್ಡಿಯಿಂದ ಎಬ್ಬಿಸಿದೆ. ಸ್ಕ್ರೂಡ್ರೈವರ್ ಮುಟ್ಟಲಿಲ್ಲ. ಕೊಳವೆಯ ಥ್ರೆಡ್ಡಿನೊಳಗೆ ಕೂತಿದ್ದ ಅಂಟನ್ನು ಅಸಿಟೋನ್ ಹಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ ತೆಗೆದೆ. ಥ್ರೆಡ್ ಹೊಸದರ ಹಾಗೆ ಹೊರಗೆ ಬಂತು. ಅಂಟು ಮೆತ್ತಿದವರು ಲೆನ್ಸ್ ವಾಲಿಸಿದ್ದರು ನಿಜ. ಆದರೆ ಇಷ್ಟು ವರ್ಷ ಆ ಥ್ರೆಡ್ಡಿಗೆ ಗಾಳಿ ತಾಗದ ಹಾಗೆ ಕಾಪಾಡಿದ್ದೂ ಅದೇ ಅಂಟು.

38 ಅಂತ ಬರೆದುಕೊಟ್ಟದ್ದು

ವರ್ನಿಯರ್ ಹಿಡಿದೆ. ಥ್ರೆಡ್ಡಿನ ಹೊರ ಅಳತೆ 38 ಮಿಲಿಮೀಟರ್. ಪಿಚ್ ಅಂದರೆ ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ದೂರ. ಅದನ್ನು ನೋಡುವ ಪಿಚ್ ಗೇಜಿನ 1 ಮಿಲಿಮೀಟರ್ ಎಲೆ ಇಟ್ಟೆ, ಕೂತ ಹಾಗೆ ಕಂಡಿತು. ಚೀಟಿಯಲ್ಲಿ "38, ಪಿಚ್ 1" ಅಂತ ಬರೆದು ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಲೇತ್ ಶಾಪಿಗೆ ಕೊಟ್ಟೆ. ಅವರು ಕೇಳಿದ್ದನ್ನು ಚೆನ್ನಾಗಿಯೇ ಮಾಡಿಕೊಟ್ಟರು. ಬಳೆಗೆ ಲೆನ್ಸ್ ಇಟ್ಟು ತಿರುಗಿಸಿದೆ. ಒಂದು ಸುತ್ತು ಬೆಣ್ಣೆಯ ಹಾಗೆ ಹೋಯಿತು. ಎರಡನೇ ಸುತ್ತು ಬಿಗಿ. ಆಮೇಲೆ ಅಲ್ಲಾಡಲಿಲ್ಲ.

ಇಲ್ಲೇ ಬಹಳ ಜನ ಕೆಡಿಸಿಕೊಳ್ಳುತ್ತಾರೆ. ಇನ್ನೊಂದು ಸ್ವಲ್ಪ ಬಲ ಹಾಕಿದರೆ ಹೋಗಿಬಿಡುತ್ತದೆ ಅನಿಸುತ್ತದೆ. ಹೋಗುತ್ತದೆ ಕೂಡ, ಹಳೇ ಥ್ರೆಡ್ಡನ್ನು ತಿಂದುಕೊಂಡು. ಲೇತ್ ಶಾಪಿನವರು ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದರು: "ಆ ಲೆನ್ಸ್ ಪೈಪ್ ಕೊಡಿ ಸಾರ್, ಅದಕ್ಕೇ ಒಂದು ಸಲ ಥ್ರೆಡ್ ಹೊಡೆದು ಸರಿ ಮಾಡಿಕೊಡ್ತೀನಿ." ಬೇಡ ಅಂದೆ. ಈ ಕೆಲಸದಲ್ಲಿ ನಾನು ಬಿಡದೆ ಹಿಡಿದಿರುವ ಮಾತು ಇದೊಂದೇ. ಹೊಸದನ್ನು ಹಳೆಯದಕ್ಕೆ ಹೊಂದಿಸಬೇಕು. ಹಳೆಯದನ್ನು ಹೊಸದಕ್ಕಾಗಿ ಕೊರೆಯಬಾರದು. ಬಳೆ ಹಾಳಾದರೆ ಇನ್ನೊಂದು ಮಾಡಿಸಬಹುದು. ಲೆನ್ಸಿನ ಕೊಳವೆ ಇರುವುದು ಒಂದೇ.

ಮನೆಗೆ ಬಂದು ಕೊಳವೆಯ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆದೆ. ದೊಡ್ಡದು ಮಾಡಿ ಎಣಿಸಿದೆ. ಐದು ಸುತ್ತಿಗೆ 5 ಮಿ.ಮೀ. ಬರಬೇಕಿತ್ತು. ಬಂದದ್ದು 5.3ರ ಹತ್ತಿರ. ಆಗ ಹೊಳೆಯಿತು. ಇದು ಮಿಲಿಮೀಟರ್ ಥ್ರೆಡ್ಡೇ ಅಲ್ಲ, ಇಂಚಿನದು. ಹಿಂದೆ ಇಂಗ್ಲೆಂಡಿನಲ್ಲಿ ಪ್ರತಿ ಕಂಪನಿ ತನಗೆ ತೋಚಿದ ಥ್ರೆಡ್ ಹಾಕುತ್ತಿತ್ತು. ಮುಂದೆ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಅಂತ ಹೆಸರಾದ ಲಂಡನ್ನಿನ ಸಂಸ್ಥೆ 19ನೇ ಶತಮಾನದ ಕೊನೆಯ ಭಾಗದಲ್ಲಿ ಇದಕ್ಕೊಂದು ಅಳತೆ ಗೊತ್ತುಮಾಡಿತು. 3 ಇಂಚಿನವರೆಗಿನ ಬಳೆಗಳಿಗೆ ಇಂಚಿಗೆ 24 ಸುತ್ತು, ಥ್ರೆಡ್ಡಿನ ಕೋನ ವಿಟ್‌ವರ್ತ್ ಅನ್ನುವ ಇಂಗ್ಲಿಷ್ ಥ್ರೆಡ್ ಪದ್ಧತಿಯ 55 ಡಿಗ್ರಿ. 1½ ಇಂಚು ಅಂದರೆ 38.1 ಮಿ.ಮೀ. ಸವೆದು 38 ಆಗಿತ್ತು. 24 ಸುತ್ತು ಅಂದರೆ ಪಿಚ್ 1.058 ಮಿ.ಮೀ. ಒಂದು ಸುತ್ತಿಗೆ 0.058 ವ್ಯತ್ಯಾಸ ಕಣ್ಣಿಗೆ ಕಾಣದು. ಮೂರು ಸುತ್ತಿಗೆ 0.17 ಆಗುತ್ತದೆ, ಲೋಹ ಕಚ್ಚಿಕೊಳ್ಳುತ್ತದೆ.

ಇಷ್ಟಾದರೂ ಈ ಸಲ ಬರೀ ಲೆಕ್ಕ ನಂಬಿ ಚೀಟಿ ಬರೆಯಲು ಮನಸ್ಸು ಬರಲಿಲ್ಲ. 24 ಸುತ್ತಿನ ಇನ್ನೊಂದು ಥ್ರೆಡ್ ಪಕ್ಕದಲ್ಲಿಟ್ಟು ನೋಡಬೇಕಿತ್ತು. ಅದು ಸಿಕ್ಕಿದ್ದು ಮಂಡಿಪೇಟೆ ಕಡೆಯ ಸೈಕಲ್ ಅಂಗಡಿಯಲ್ಲಿ. ನಮ್ಮ ಸಾದಾ ಸೈಕಲ್ಲುಗಳ ಹಿಂದಿನ ಹಬ್ಬಿನಲ್ಲಿ ಫ್ರೀವೀಲ್ ಕೂರುವ ಥ್ರೆಡ್ ಇದೆಯಲ್ಲ, ಅದು ಇಂಗ್ಲಿಷ್ ಅಳತೆಯದು, ಇಂಚಿಗೆ 24. ಗುಜರಿಗೆ ಹಾಕಲು ಇಟ್ಟಿದ್ದ ಒಂದು ಹಬ್ ಕೊಟ್ಟರು. ಮನೆಯ ಕಿಟಕಿಯ ಮುಂದೆ ನಿಂತು ಎರಡನ್ನೂ ಪಕ್ಕಪಕ್ಕ ಒತ್ತಿದೆ, ಬಾಚಣಿಗೆಯೊಳಗೆ ಬಾಚಣಿಗೆ ತೂರಿಸಿದ ಹಾಗೆ. ಲೆನ್ಸಿನ ಏಣು ಹಬ್ಬಿನ ತೋಡಿಗೆ, ಹಬ್ಬಿನ ಏಣು ಲೆನ್ಸಿನ ತೋಡಿಗೆ ಇಳಿಯಿತು. ನಡುವೆ ಬೆಳಕು ಕಾಣಲಿಲ್ಲ. ಮೊದಲ ಸುತ್ತಿನಿಂದ ಕೊನೆಯ ಸುತ್ತಿನ ತನಕ ಎಲ್ಲೂ ಕಾಣಲಿಲ್ಲ. ಇಂಗ್ಲೆಂಡಿನ ಲೆನ್ಸಿಗೆ ನಮ್ಮೂರಿನ ಸೈಕಲ್ ಸಾಕ್ಷಿ ಹೇಳಿತು. ಆ ಕ್ಷಣದ ಖುಷಿ ಈಗಲೂ ನೆನಪಿದೆ.

ಕ್ಯಾತ್ಸಂದ್ರದ ಲೇತ್

ಕ್ಯಾತ್ಸಂದ್ರದ ಕಡೆ ಒಂದು ಶೆಡ್ಡಿನಲ್ಲಿ ಹಿರಿಯರೊಬ್ಬರು ಹಳೇ ಲೇತ್ ಇಟ್ಟುಕೊಂಡಿದ್ದಾರೆ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿದವರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಆಯಿತಲ್ಲ, ಅದಕ್ಕೂ ಮೊದಲೇ ನಿವೃತ್ತರಾದರು. ನಾನು ಕೊಳವೆ ಕೊಟ್ಟೆ. ಗಾಜು ಮನೆಯಲ್ಲೇ ಭದ್ರವಾಗಿತ್ತು. ಅವರು ಕನ್ನಡಕ ಮೇಲೆತ್ತಿ, ಉಗುರನ್ನು ಥ್ರೆಡ್ ಮೇಲೆ ಎಳೆದು, "ಇಪ್ಪತ್ನಾಲ್ಕು" ಅಂದರು. ಗೇಜ್ ಮುಟ್ಟಲೇ ಇಲ್ಲ.

ಲೋಹಕ್ಕೆ ಗುಜರಿಯಿಂದ ಪಂಪಿನ ಒಂದು ಬುಷ್ ತಂದಿದ್ದೆ. ಅದನ್ನು ಕೆರೆದು ನೋಡಿ ವಾಪಸ್ ಕೊಟ್ಟರು. "ಇದು ಗನ್‌ಮೆಟಲ್ ಸ್ವಾಮಿ, ತವರ ಇದೆ ಇದರಲ್ಲಿ. ಕೆಂಪಗೆ ಕಾಣುತ್ತೆ. ಲೆನ್ಸ್ ಪಕ್ಕ ಎದ್ದು ಕಾಣುತ್ತೆ." ತಮ್ಮ ಪೆಟ್ಟಿಗೆಯಿಂದಲೇ ಒಂದು ಹಿತ್ತಾಳೆ ದಿಮ್ಮಿ ತೆಗೆದರು.

ಅವರ ಲೇತಿನಲ್ಲಿ ಉಳಿಯನ್ನು ಮುಂದಕ್ಕೆ ಒಯ್ಯುವ ಉದ್ದ ತಿರುಪು, ಅಂದರೆ ಲೀಡ್ ಸ್ಕ್ರೂ, ಇಂಚಿಗೆ 4 ಸುತ್ತಿನದು. 24 ಬೇಕಾದರೆ ಬಳೆ 6 ಸುತ್ತು ತಿರುಗುವಾಗ ಅದು 1 ಸುತ್ತು ತಿರುಗಬೇಕು. ಒಂದು ಕಡೆ 20 ಹಲ್ಲಿನ ಗೇರು, ಇನ್ನೊಂದು ಕಡೆ 120 ಹಲ್ಲಿನದು ಹಾಕಿದರು. ಮಿಲಿಮೀಟರ್ ಲೇತಿನಲ್ಲಿ ಇದೇ ಥ್ರೆಡ್ ಕರಾರುವಾಕ್ಕಾಗಿ ಬೇಕೆಂದರೆ 127 ಹಲ್ಲಿನ ಗೇರು ಬೇಕು, ಯಾಕೆಂದರೆ ಒಂದು ಇಂಚು 25.4 ಮಿ.ಮೀ. ಅದು ಎಲ್ಲರ ಹತ್ತಿರ ಇರುವುದಿಲ್ಲ. ಅದಕ್ಕೇ ಇಂಥ ಕೆಲಸಕ್ಕೆ ಹಳೇ ಇಂಚಿನ ಲೇತ್ ಹುಡುಕುವುದು ಒಳ್ಳೆಯದು.

ಥ್ರೆಡ್ಡಿನ ಆಳ ಪಿಚ್ಚಿನ 0.64 ಭಾಗ, ಅಂದರೆ 0.68 ಮಿ.ಮೀ. ಎರಡೂ ಬದಿ ಸೇರಿ 1.36. ಹಾಗಾಗಿ ಬಳೆಯ ತೂತು 36.75 ಇರಬೇಕು. ಅವರು 36.85ಕ್ಕೆ ನಿಲ್ಲಿಸಿದರು. ಹಳೇ ಥ್ರೆಡ್ಡಿಗೆ ಒಂದಿಷ್ಟು ಉಸಿರಾಡಲು ಜಾಗ ಬೇಕು ಅಂದರು. ಉಳಿಯನ್ನು 55 ಡಿಗ್ರಿಗೆ ತಾವೇ ಸಾಣೆ ಹಿಡಿದುಕೊಂಡರು. ಎಣ್ಣೆ ಬಿಡಲಿಲ್ಲ. ಹಿತ್ತಾಳೆ ಒಣಗಿದ್ದಾಗಲೇ ಚೆನ್ನಾಗಿ ಕತ್ತರಿಸುತ್ತದೆ, ರವೆಯ ಹಾಗೆ ಉದುರುತ್ತದೆ. ಮೊದಮೊದಲು 0.1ರಷ್ಟು ಇಳಿಸಿದರು. ಕೊನೆಗೆ 0.02. ಪ್ರತಿ ಸಲವೂ ಲೇತ್ ನಿಲ್ಲಿಸಿ, ಬ್ರಷ್ಷಿನಲ್ಲಿ ಪುಡಿ ತೆಗೆದು, ಕೊಳವೆ ಇಟ್ಟು ಎರಡೇ ಬೆರಳಲ್ಲಿ ತಿರುಗಿಸಿ ನೋಡುತ್ತಿದ್ದರು. ಬಳೆಯನ್ನು ಲೇತಿನಲ್ಲಿ ಹಿಡಿದಿದ್ದ ಚಕ್ಕಿನಿಂದ ಬಿಚ್ಚಲಿಲ್ಲ. ಬಿಚ್ಚಿದರೆ ಮತ್ತೆ ಅದೇ ಜಾಗಕ್ಕೆ ಕೂರುವುದಿಲ್ಲವಲ್ಲ. ಆರನೆಯದೋ ಏಳನೆಯದೋ ಸಲಕ್ಕೆ ಕೊಳವೆ ತಾನಾಗಿ ಇಳಿಯಿತು. ಕೊನೆಯಲ್ಲಿ ಸಣ್ಣ ಸದ್ದು ಮಾಡಿ, ಅದರ ದಪ್ಪ ಅಂಚು ಬಳೆಗೆ ತಾಗಿ ಕೂತಿತು. ಅವರು ಇನ್ನೊಂದು ಸಲ ಬಿಚ್ಚಿ ಕೂರಿಸಿದರು. ಮತ್ತೊಂದು ಸಲವೂ ಹಾಗೇ ಮಾಡಿದರು. ನನಗೆ ತೋರಿಸೋಕಲ್ಲ, ಅವರ ಸಮಾಧಾನಕ್ಕೆ.

ತಿರುಪಿನ ತೂತು ಕೊರೆಯುವ ಮುಂಚೆ ಒಂದು ಎಚ್ಚರಿಕೆ ಬೇಕು. ಲೆನ್ಸ್ ಪೂರ್ತಿ ಬಿಗಿಯಾದಾಗ ಐರಿಸ್ ಅಂಕಿಗಳ ಗುರುತು ಮೇಲ್ಗಡೆಗೆ ಬರಬೇಕು, ಇಲ್ಲದಿದ್ದರೆ ಫೋಟೋ ತೆಗೆಯುವವರು ಬಗ್ಗಿ ಅಡಿಯಿಂದ ಓದಬೇಕು. ಬೋರ್ಡಿನಲ್ಲಿ ಹಳೇ ಬಳೆ ಕೂತಿದ್ದ ಜಾಗ ತಿಳಿ ಬಣ್ಣದ ವೃತ್ತವಾಗಿ ಉಳಿದಿತ್ತು, 60 ಮಿ.ಮೀ. ಅಗಲ, ನಾಲ್ಕು ತೂತು. ಹಾಗಾಗಿ ಲೆನ್ಸನ್ನು ಮೊದಲು ಹೊಸ ಬಳೆಗೆ ಬಿಗಿದು, ಮೇಲ್ಭಾಗ ಗುರುತು ಮಾಡಿ, ಅದಕ್ಕೆ ಸರಿಯಾಗಿ ಬೋರ್ಡಿನ ತೂತುಗಳನ್ನು ಬಳೆಗೆ ಇಳಿಸಿಕೊಂಡೆವು. ಬಳೆಯ ಹಿಂಬದಿಯಲ್ಲಿ ಇಸವಿ ಪಂಚ್ ಮಾಡಿಸಿದೆ. ಮುಂದೆ ಯಾರಾದರೂ ಬಿಚ್ಚಿದರೆ ಇದು ಮೂಲದ್ದಲ್ಲ ಅಂತ ಗೊತ್ತಾಗಲಿ. ಅವರು ತಗೊಂಡಿದ್ದು 600 ರೂಪಾಯಿ. ಜಾಸ್ತಿ ಕೊಡಲು ಹೋದರೆ ಕೈ ಮುಗಿದುಬಿಟ್ಟರು.

ಮರ, ತಿರುಪು, ಮಸಿ

ಬೋರ್ಡಿನಲ್ಲಿ ಒಂದು ಕಬ್ಬಿಣದ ತಿರುಪು ಮುರಿದು ಒಳಗೇ ಉಳಿದಿತ್ತು. ತೆಳು ಪೈಪಿನ ತುದಿಗೆ ಹಲ್ಲು ಕೊರೆದು, ಅದರಿಂದ ತಿರುಪಿನ ಸುತ್ತ ಮರ ಕೊರೆದು ತೆಗೆದೆ. ಆ ತೂತಿಗೆ ತೇಗದ ಗೂಟ ಅಂಟಿಸಿದೆ. ಒಂದೇ ಗೆರೆಯ ತಲೆಯ ಸಣ್ಣ ಹಿತ್ತಾಳೆ ತಿರುಪು ಈಗ ಅಂಗಡಿಯಲ್ಲಿ ಸಿಗುವುದು ಅಪರೂಪ, ಎಲ್ಲಾ ಸ್ಟಾರ್ ತಲೆಯವೇ. ಹಾರ್ಮೋನಿಯಂ ರಿಪೇರಿ ಮಾಡುವವರ ಹತ್ತಿರ ಕೇಳಿದೆ, ನಾಲ್ಕು ಕೊಟ್ಟರು. ಹಿತ್ತಾಳೆ ತಿರುಪನ್ನು ತೇಗಕ್ಕೆ ನೇರವಾಗಿ ತಿರುಗಿಸಿದರೆ ಕತ್ತು ಮುರಿಯುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ ತಿರುಪು ಹಾಕಿ ದಾರಿ ಮಾಡಿ, ಆಮೇಲೆ ಹಿತ್ತಾಳೆಯದಕ್ಕೆ ಮೇಣದಬತ್ತಿ ಉಜ್ಜಿ ಕೂರಿಸಿದೆ. ಈ ಸಲ ಬಿಗಿ ಮಾಡಿದ್ದು ಸಾಕಾಗುವಷ್ಟೇ.

ಬಳೆಯನ್ನು ಕೈಗೆ ಬಿಸಿ ತಾಗುವಷ್ಟು ಕಾಯಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ತೆಳ್ಳಗೆ ಒಂದು ಕೈ ಹಚ್ಚಿದೆ. ಹಳೇ ಲೆನ್ಸ್‌ಗಳಿಗೂ ಹೀಗೆ ಅರಗಿನ ಲೇಪನವೇ ಇರುತ್ತಿತ್ತು. ಬಳೆಯ ಒಳಗೋಡೆಗೆ ದೀಪದ ಮಸಿಯನ್ನು ಅದೇ ಅರಗಿನ ನೀರಿನಲ್ಲಿ ಕಲಸಿ ಬಳಿದೆ. ಮಿರುಗದ ಕಪ್ಪು ಬರುತ್ತದೆ. ಹೊಸ ಬಳೆ ಹಳೇದರ ಪಕ್ಕ ಸ್ವಲ್ಪ ತಿಳಿಯಾಗಿ ಕಾಣುತ್ತದೆ, ಕಾಣಲಿ.

ಮೇಷ್ಟ್ರ ಮನೆಯಲ್ಲಿ ಯಾರೋ ಪ್ರೀತಿಯಿಂದ ಹುಡ್ಡಿನ ಅರ್ಧ ಭಾಗಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರು. ಅಲ್ಲಿ ಹಳೇ ಅರಗು ಹೋಗಿ, ಹಿತ್ತಾಳೆ ತಾಮ್ರದ ಹಾಗೆ ಕೆಂಪಗಾಗಿದೆ. ಹುಳಿ ಮೇಲ್ಪದರದ ಸತುವನ್ನು ತಿಂದುಬಿಡುತ್ತದೆ. ದೇವರ ದೀಪಕ್ಕೆ ಹುಣಸೆಹಣ್ಣು ಸರಿ, ಲೆನ್ಸಿಗೆ ಬೇಡವೇ ಬೇಡ. ಅಮೋನಿಯಾ ಇರುವ ಪಾಲಿಶ್ ಅಂತೂ ಹತ್ತಿರ ತರಬಾರದು. ಉಳಿದರ್ಧವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ ಬಿಟ್ಟೆ.

ಫೋಟೋ

ಕತ್ತಲೆ ಕೋಣೆಯಲ್ಲಿ ಕ್ಯಾಮೆರಾದೊಳಗೆ ಟಾರ್ಚ್ ಇಟ್ಟು ನೋಡಿದೆ. ಬಳೆಯ ಸುತ್ತ ಬೆಳಕು ಸೋರಲಿಲ್ಲ. ಬೋರ್ಡಿನ ಒಂದು ಮೂಲೆಯಲ್ಲಿ ಮಾತ್ರ ಸೋರಿತು, ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿದೆ. ಗೋಡೆಗೆ ದಿನಪತ್ರಿಕೆ ಸಿಕ್ಕಿಸಿ ಮಂಜುಗಾಜಿನಲ್ಲಿ ನೋಡಿದರೆ ನಾಲ್ಕು ಮೂಲೆಯ ಅಕ್ಷರವೂ ಒಂದೇ ಸಮ ಓದಲು ಬಂತು. ಲೆನ್ಸ್ ನೆಟ್ಟಗೆ ಕೂತಿದೆ ಅಂತ ಧೈರ್ಯ ಬಂತು.

ಫಿಲ್ಮಿಗೆ 8×10 ಇಂಚಿನ ಎಕ್ಸ್‌ರೇ ಹಾಳೆ ತಂದು ಕೆಂಪು ದೀಪದಲ್ಲಿ ಕತ್ತರಿಸಿದೆ. ಒಂದು ಹಾಳೆಗೆ ಎರಡು ಹಾಫ್ ಪ್ಲೇಟ್ ಸಿಗುತ್ತದೆ. ಮೊದಲ ಪರೀಕ್ಷೆಯಲ್ಲಿ ಚಿತ್ರ ಕಪ್ಪಾಯಿತು. ಐರಿಸ್ ಮೇಲಿನ 8 ಅನ್ನು ಕಿಂಡಿಯ ಈಗಿನ ಅಳತೆಯ ಎಫ್/8 ಅಂದುಕೊಂಡಿದ್ದೆ. ಅದು 1881ರ ಹಳೇ ಯೂನಿಫಾರ್ಮ್ ಪದ್ಧತಿಯ 8, ಅಂದರೆ ಈಗಿನ ಎಫ್/11, ಒಳಗೆ ಬರುವುದು ಅರ್ಧದಷ್ಟೇ ಬೆಳಕು. ಬೆಳಕು ಬಿಡುವ ಹೊತ್ತನ್ನು ಎರಡರಷ್ಟು ಮಾಡಿದ ಮೇಲೆ ಸರಿಹೋಯಿತು.

ತಿಪಟೂರಿನ ಮನೆಯ ಜಗಲಿಯ ಮೇಲೆ ಅಜ್ಜಿಯನ್ನು ಕೂರಿಸಿದೆವು. ಶಟರ್ ಇಲ್ಲ, ಮುಚ್ಚಳ ತೆಗೆದು ಹಾಕಬೇಕು. ಅಲ್ಲಾಡಬೇಡಿ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಬೆನ್ನನ್ನು ಗೋಡೆಗೆ ಒರಗಿಸಿ, ಕೈ ಎರಡನ್ನೂ ಮೊಣಕಾಲ ಮೇಲಿಟ್ಟು, "ಎಷ್ಟು ಎಣಿಸ್ತೀಯಪ್ಪ?" ಅಂದರು.

"ನಾಲ್ಕು, ಅಜ್ಜಿ."

"ನಮ್ಮಪ್ಪ ಆರು ಎಣಿಸೋರು" ಅಂದರು. ಆಮೇಲೆ ರೆಪ್ಪೆ ಕೂಡ ಮಿಟುಕಿಸಲಿಲ್ಲ.

ಕ್ಯಾಮೆರಾ ಈಗ ಅಟ್ಟದಲ್ಲಿಲ್ಲ, ನಡುಮನೆಯ ಬೀರುವಿನಲ್ಲಿದೆ. ಹಳೇ ಬಳೆಯ ಮೂರು ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಅದೇ ತಗಡಿನ ಡಬ್ಬಿಯಲ್ಲಿ ಹಾಕಿ ಜೊತೆಗೇ ಇಟ್ಟಿದ್ದೇವೆ. ಹುಡ್ಡಿನ ಎರಡು ಬಿರುಕನ್ನು ನಾನು ಮುಟ್ಟಲಿಲ್ಲ. ಅವುಗಳ ತುದಿ ಎಲ್ಲಿದೆ ಅಂತ ಸ್ಕೇಲ್ ಇಟ್ಟು ಫೋಟೋ ತೆಗೆದು ಮೇಷ್ಟ್ರಿಗೆ ಕೊಟ್ಟಿದ್ದೇನೆ. ಆರು ತಿಂಗಳಿಗೊಮ್ಮೆ ಅದೇ ಜಾಗದ ಫೋಟೋ ಕಳಿಸಬೇಕು. ಮೊದಲನೆಯದು ಸಂಕ್ರಾಂತಿಗೆ ಬಂತು. ಬಿರುಕು ಇದ್ದಲ್ಲೇ ಇದೆ.